ಪರಭಾಷೆಯ ವಿದೂಷಕ: ವಿಕ್ಟರ್ ಬೋರ್ಗೆಯ ಹಾಸ್ಯವಿಚಾರ

ನಮ್ಮ ಆಲಂಕಾರಿಕರು ಹಾಸ್ಯವನ್ನು ರಸಗಳ ಪಂಕ್ತಿಯಲ್ಲಿ ಶೃಂಗಾರಕ್ಕೆ ಅನಂತರವೇ ಎಣಿಸಿದ್ದಾರೆ. ನಾಟ್ಯಶಾಸ್ತ್ರದಲ್ಲಿ ಅದಕ್ಕೆ ಸ್ಥಾಯಿಭಾವ, ವಿಭಾವ, ಅನುಭಾವ, ವರ್ಣ, ಅಧಿದೇವತೆ ಎಲ್ಲವೂ ಉಂಟು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗುವಿನ ಆರು ಬಗೆಗಳೂ ಉಂಟು. ಇಷ್ಟಾದರೂ ವಿಮರ್ಶೆಯನ್ನು ಬರೆಯಲು ಕುಳಿತವರು ಕರುಣವನ್ನೂ ವೀರವನ್ನೂ ಕುರಿತು ಪುಟಗಟ್ಟಲೆ ಬರೆದು, ಹಾಸ್ಯದ ಮಾತು ಬಂದೊಡನೆ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ನಕ್ಕವನಿಗೆ ನಗುವಿನ ಕಾರಣವನ್ನು ವಿವರಿಸುವುದು ಅನಾವಶ್ಯಕ, ನಗದವನಿಗೆ ವಿವರಿಸುವುದು ನಿಷ್ಪ್ರಯೋಜಕ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಒಬ್ಬ ಮನುಷ್ಯನು ಅರವತ್ತು ವರ್ಷಗಳ ಕಾಲ, ತಾನು ಹುಟ್ಟದ ದೇಶದಲ್ಲಿ, ತಾಯಿಯಿಂದ ಕಲಿಯದ ಭಾಷೆಯಲ್ಲಿ, ಸಭೆಸಭೆಗಳನ್ನೇ ನಗಿಸಿದನೆಂದರೆ ಅದು ಹೇಗೆ ಸಾಧ್ಯವಾಯಿತೆಂದು ವಿಚಾರಿಸುವುದು ಸಾಹಿತ್ಯಾಸಕ್ತರಿಗೆ ಅನುಚಿತವಾಗಲಾರದು.

ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್-ಅಪ್ ಕಾಮಿಡಿ’ ಎಂದು ಕರೆಯುವ ಕಲೆಯೊಂದು ಈಗ ನಮ್ಮ ಪಟ್ಟಣಗಳಲ್ಲಿಯೂ ಪರಿಚಿತವಾಗಿದೆ. ರಂಗದ ಮೇಲೆ ಒಬ್ಬನೇ ಒಬ್ಬನು ನಿಂತು, ವೇಷವಿಲ್ಲದೆ, ಕಥಾಪಾತ್ರವಿಲ್ಲದೆ, ತಾನು ತಾನಾಗಿಯೇ ಮಾತನಾಡಿ ಸಭೆಯನ್ನು ನಗಿಸತಕ್ಕದ್ದು ಇದರ ಲಕ್ಷಣ. ನಮ್ಮ ಹರಿಕಥೆಯ ದಾಸರೂ ಒಬ್ಬರೇ ನಿಂತು ಸಭೆಯನ್ನು ನಗಿಸುತ್ತಾರೆ. ಆದರೆ ಅವರ ಬೆನ್ನಿಗೆ ಪುರಾಣವೂ ಭಕ್ತಿಯೂ ಪಕ್ಕವಾದ್ಯವೂ ಇರುತ್ತವೆ. ಹಾಸ್ಯವು ಒಗ್ಗದಿದ್ದರೆ ಒಂದು ಪದವನ್ನು ಹಾಡಿ ಸಭೆಯನ್ನು ಹಿಡಿಯಬಹುದು. ಈ ಹಾಸ್ಯಗಾರನಿಗೆ ಅಂತಹ ಆಶ್ರಯವೊಂದೂ ಇಲ್ಲ. ಅವನ ಬಂಡವಾಳವೆಲ್ಲ ಭಾಷೆ: ಆ ಭಾಷೆಯ ಜನರು ಯಾವ ಮಾತಿಗೆ ಹುಬ್ಬೇರಿಸುತ್ತಾರೆ, ಯಾವುದಕ್ಕೆ ನಾಚುತ್ತಾರೆ ಎಂಬ ಸೂಕ್ಷ್ಮಜ್ಞಾನ. ಆದಕಾರಣ ಕಲಾವಿದರೆಲ್ಲರಲ್ಲಿ ದೇಶತ್ಯಾಗದಿಂದ ಹೆಚ್ಚು ನಷ್ಟವನ್ನು ಹೊಂದುವವನು ಹಾಸ್ಯಗಾರನು. ಚಿತ್ರಗಾರನು ಕುಂಚವನ್ನು ಒಯ್ಯುತ್ತಾನೆ; ಗಾಯಕನು ಕಂಠವನ್ನು ಒಯ್ಯುತ್ತಾನೆ; ಹಾಸ್ಯಗಾರನ ಮಾತು ಮಾತ್ರ ಗಡಿಯಲ್ಲಿಯೇ ಉಳಿದುಹೋಗುತ್ತದೆ. ಈ ನಷ್ಟವನ್ನು ಅನುಭವಿಸಿ, ಅದರಿಂದಲೇ ಹೊಸ ಹಾಸ್ಯವನ್ನು ಕಟ್ಟಿದವನು ಡೆನ್ಮಾರ್ಕ್ ದೇಶದ ವಿಕ್ಟರ್ ಬೋರ್ಗೆ.

ಆತನ ಹುಟ್ಟುಹೆಸರು ಬೋರ್ಗೆ ರೋಸೆನ್‌ಬಾಮ್. ಕೋಪನ್‌ಹೇಗನ್ ನಗರದಲ್ಲಿ 1909ನೆಯ ಜನವರಿ 3ರಂದು ಒಂದು ಯೆಹೂದ್ಯ ಮನೆತನದಲ್ಲಿ ಜನಿಸಿದನು. ತಂದೆಯು ರಾಜಾಸ್ಥಾನದ ವಾದ್ಯವೃಂದದಲ್ಲಿ ಪಿಟೀಲುವಾದಕನು. ತಾಯಿಯು ಪಿಯಾನೊ ಬಲ್ಲವಳು. ಮಗುವು ಮಾತಿನೊಡನೆ ಸ್ವರವನ್ನೂ ಕಲಿಯಿತು. ಎಂಟನೆಯ ವಯಸ್ಸಿನಲ್ಲಿಯೇ ಸಭೆಯಲ್ಲಿ ನುಡಿಸಿ ಮೆಚ್ಚಿಸಿದ ಬಾಲಕನಿಗೆ 1918ರಲ್ಲಿ ರಾಜಧಾನಿಯ ಸಂಗೀತವಿದ್ಯಾಲಯದಲ್ಲಿ ವಿದ್ಯಾರ್ಥಿವೇತನವು ದೊರೆಯಿತು. ಮುಂದೆ ಫ್ರೆಡರಿಕ್ ಲ್ಯಾಮಂಡ್, ಈಗಾನ್ ಪೆಟ್ರಿ ಮೊದಲಾದ ಗುರುಗಳಲ್ಲಿ ಅಭ್ಯಾಸ ಮಾಡಿದನು. ಲ್ಯಾಮಂಡನು ಪ್ರಸಿದ್ಧ ಫ್ರಾಂಜ್ ಲಿಸ್ಟನ ಶಿಷ್ಯನಾದುದರಿಂದ ಗುರುಪರಂಪರೆಯಂತೆ ಬೋರ್ಗೆಯು ಲಿಸ್ಟನ ಪ್ರಶಿಷ್ಯನೆಂದು ಹೇಳಬಹುದು. 1926ರಲ್ಲಿ ಆತನ ಮೊದಲ ದೊಡ್ಡ ಕಚೇರಿಯು ನಡೆಯಿತು. ಆದರೆ ಗಂಭೀರವಾಗಿ ಕುಳಿತು ಗಂಭೀರವಾಗಿ ಎದ್ದುಹೋಗುವ ವಾದಕನ ಬಾಳು ಆತನ ಸ್ವಭಾವಕ್ಕೆ ಒಗ್ಗಲಿಲ್ಲ. ನುಡಿಸುತ್ತ ನಡುವೆ ಮಾತನಾಡುವುದು, ಮಾತನಾಡುತ್ತ ನಡುವೆ ನುಡಿಸುವುದು, ಇವೆರಡರ ಸಂಧಿಯಲ್ಲಿ ಸಭೆಯನ್ನು ನಗಿಸುವುದು, ಇದೇ ಆತನ ಮಾರ್ಗವಾಯಿತು. 1933ರ ಹೊತ್ತಿಗೆ ವಿನೋದರಂಗದಲ್ಲಿ ಆತನ ಹೆಸರು ನೆಲೆಗೊಂಡಿತು. ಅದೇ ವರ್ಷ ಎಲ್ಸಿ ಚಿಲ್ಟನ್ ಎಂಬ ಅಮೆರಿಕಾದ ಕನ್ಯೆಯನ್ನು ವಿವಾಹವಾದನು.

ಆ 1933ನೆಯ ವರ್ಷವೇ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರವನ್ನು ಹಿಡಿದ ವರ್ಷ. ನೆರೆಯ ದೇಶದಲ್ಲಿ ತನ್ನ ಜನಾಂಗದವರಿಗೆ ಆಗುತ್ತಿದ್ದುದನ್ನು ಕಂಡು ಬೋರ್ಗೆಯು ಸುಮ್ಮನಿರಲಿಲ್ಲ. ನಾತ್ಸಿಗಳನ್ನು ರಂಗದ ಮೇಲೆ ಬಹಿರಂಗವಾಗಿ ಪರಿಹಾಸ ಮಾಡಿದನು. ನಾತ್ಸಿಗೂ ನಾಯಿಗೂ ಭೇದವೇನು, ನಾತ್ಸಿಯು ಎತ್ತುವುದು ಕೈಯನ್ನು ಎಂಬ ಚಾಟೂಕ್ತಿಯು ಆತನದೆಂದೇ ಇಂದಿಗೂ ಪ್ರಚಾರದಲ್ಲಿದೆ. 1940ನೆಯ ಏಪ್ರಿಲ್ 9ರಂದು ಜರ್ಮನ್ ಸೈನ್ಯವು ಡೆನ್ಮಾರ್ಕನ್ನು ಆಕ್ರಮಿಸಿದಾಗ ಆತನು ಅದೃಷ್ಟವಶಾತ್ ಸ್ವೀಡನ್ನಿನಲ್ಲಿ ಕಚೇರಿ ಮಾಡುತ್ತಿದ್ದನು. ಅಲ್ಲಿಂದ ಫಿನ್ಲೆಂಡಿಗೆ ಹೋಗಿ, ಆಗ ಆ ದೇಶಕ್ಕೆ ಸೇರಿದ್ದ ಪೆಟ್ಸಾಮೋ ರೇವಿನಲ್ಲಿ ‘ಅಮೆರಿಕನ್ ಲೀಜನ್’ ಎಂಬ ಹಡಗನ್ನು ಹತ್ತಿದನು.  ತಾಯಿಯು ಮರಣಶಯ್ಯೆಯಲ್ಲಿದ್ದಾಗ, ಆಕ್ರಮಣಕ್ಕೆ ಸಿಕ್ಕಿದ್ದ ತನ್ನ ಊರಿಗೆ ನಾವಿಕನ ವೇಷದಲ್ಲಿ ಹೋಗಿ ಅವಳನ್ನು ಕಂಡುಬಂದನೆಂದು ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ರಂಗದ ಮೇಲೆ ವೇಷವನ್ನು ಧರಿಸದೆಯೇ ಹೆಸರು ಪಡೆದ ಮನುಷ್ಯನು ಬಾಳಿನಲ್ಲಿ ವೇಷ ಧರಿಸಿದುದು ಈ ಒಂದು ಕಾರ್ಯಕ್ಕಾಗಿ.

1940ನೆಯ ಆಗಸ್ಟ್ 28ರಂದು ಆತನು ಅಮೆರಿಕಾದ ನೆಲವನ್ನು ಮೆಟ್ಟಿದನು. ಆಗ ಆತನ ವಯಸ್ಸು 31, ಕೈಯಲ್ಲಿದ್ದುದು 20 ಡಾಲರು, ಬಾಯಲ್ಲಿ ಇಂಗ್ಲಿಷಿಲ್ಲ. ಚಲನಚಿತ್ರಮಂದಿರಗಳಲ್ಲಿ ಕುಳಿತು ಚಿತ್ರಗಳನ್ನು ನೋಡಿ ಕೇಳಿ ಆ ಭಾಷೆಯನ್ನು ಕಿವಿಯಿಂದಲೇ ಕಲಿತನು. ಹುಟ್ಟುಹೆಸರಿನ ಮೊದಲ ಪದವನ್ನೇ ಮನೆತನದ ಹೆಸರಾಗಿ ಮಾಡಿಕೊಂಡು ವಿಕ್ಟರ್ ಬೋರ್ಗೆ ಎನಿಸಿಕೊಂಡನು. 1941ರಲ್ಲಿ ರೇಡಿಯೋದಲ್ಲಿ ರೂಡಿ ವ್ಯಾಲಿಯ ಕಾರ್ಯಕ್ರಮದಲ್ಲಿಯೂ, ಅನಂತರ ಬಿಂಗ್ ಕ್ರಾಸ್ಬಿಯ ‘ಕ್ರಾಫ್ಟ್ ಮ್ಯೂಸಿಕ್ ಹಾಲ್’ ಎಂಬ ಕಾರ್ಯಕ್ರಮದಲ್ಲಿಯೂ ಆತನಿಗೆ ಅವಕಾಶವು ದೊರೆಯಿತು. 1942ರಲ್ಲಿ ರೇಡಿಯೋದ ಹೊಸ ಕಲಾವಿದರಲ್ಲಿ ಶ್ರೇಷ್ಠನೆಂದು ಅಲ್ಲಿಯ ಪತ್ರಿಕೆಯವರು ಆತನನ್ನು ಆರಿಸಿದರು. 1948ರಲ್ಲಿ ಅಮೆರಿಕಾದ ಪ್ರಜೆಯಾದನು. 1953ನೆಯ ಅಕ್ಟೋಬರ್ 2ರಂದು ನ್ಯೂಯಾರ್ಕಿನ ಗೋಲ್ಡನ್ ನಾಟಕಶಾಲೆಯಲ್ಲಿ ಆತನ ‘ಕಾಮಿಡಿ ಇನ್ ಮ್ಯೂಸಿಕ್’ ಎಂಬ ಏಕವ್ಯಕ್ತಿಪ್ರಯೋಗವು ಆರಂಭವಾಗಿ 1956ನೆಯ ಜನವರಿಯವರೆಗೆ 849 ಸಲ ನಡೆಯಿತು. ಒಬ್ಬನೇ ನಡೆಸಿದ ಪ್ರಯೋಗಗಳಲ್ಲಿ ಇದು ಅತ್ಯಂತ ದೀರ್ಘವಾದುದೆಂದು ದಾಖಲೆಯಾಯಿತು. ಇಂಗ್ಲಿಷಿಲ್ಲದೆ ಹಡಗಿನಿಂದ ಇಳಿದ ಹದಿಮೂರು ವರ್ಷಗಳಲ್ಲಿ ಇಂಗ್ಲಿಷಿನ ಮಹಾನಗರವೊಂದರಲ್ಲಿ ಇದು ನಡೆಯಿತೆಂಬುದನ್ನು ವಾಚಕರು ಲಕ್ಷಿಸಬೇಕು.

ಇದು ಚರಿತ್ರೆ. ಇನ್ನು ವಿಚಾರ. ಬೋರ್ಗೆಯು ಇಂಗ್ಲಿಷನ್ನು ಚೆನ್ನಾಗಿ ಕಲಿತನು. ಆದರೆ ಆತನ ಉಚ್ಚಾರಣೆಯಲ್ಲಿ ಡೇನಿಷ್ ಛಾಯೆಯು ಕೊನೆಯವರೆಗೂ ಇತ್ತು. ಅದನ್ನು ಆತನು ಮರೆಸಲು ಯತ್ನಿಸಲಿಲ್ಲ. ಸಂಸ್ಕೃತನಾಟಕಗಳನ್ನು ಓದಿದವರಿಗೆ ಇಲ್ಲಿ ಒಂದು ಸಾಮ್ಯವು ಹೊಳೆಯದೆ ಇರಲಾರದು. ನಮ್ಮ ವಿದೂಷಕನು ಬ್ರಾಹ್ಮಣನು, ರಾಜನ ಆಪ್ತಮಿತ್ರನು, ಆದರೂ ಸಂಸ್ಕೃತವನ್ನಾಡುವುದಿಲ್ಲ, ಪ್ರಾಕೃತವನ್ನಾಡುತ್ತಾನೆ. ಶಾಕುಂತಲದ ಮಾಧವ್ಯನಾಗಲಿ ಮೃಚ್ಛಕಟಿಕದ ಮೈತ್ರೇಯನಾಗಲಿ ಸಭೆಯ ಪ್ರೌಢಭಾಷೆಗಿಂತ ಒಂದು ಮೆಟ್ಟಿಲು ಕೆಳಗೆ ನಿಂತೇ ಮಾತನಾಡುತ್ತಾನೆ. ಮೇಲಿನ ಮೆಟ್ಟಿಲಿನಲ್ಲಿರುವವರಿಗೆ ಕಾಣದ ಸಂಗತಿಗಳು ಅಲ್ಲಿಂದ ಅವನಿಗೆ ಕಾಣುತ್ತವೆ. ಬೋರ್ಗೆಯ ಸ್ಥಾನವೂ ಅಂತಹದೇ. ಮಾತೃಭಾಷೆಯನ್ನು ಆಡುವವನು ಅರ್ಥವನ್ನು ನೋಡುತ್ತಾನಲ್ಲದೆ ಭಾಷೆಯನ್ನು ನೋಡುವುದಿಲ್ಲ. ಕನ್ನಡಕದ ಮೂಲಕ ನೋಡುವವನಿಗೆ ಕನ್ನಡಕವು ಕಾಣದಂತೆ. ಪ್ರಾಪ್ತವಯಸ್ಕನಾದ ಮೇಲೆ ಕಲಿತವನಿಗೆ ಭಾಷೆಯ ಒಂದೊಂದು ಮೊಳೆಯೂ ಕೀಲೂ ಕಾಣುತ್ತದೆ. ಬೋರ್ಗೆಯ ಶ್ರೇಷ್ಠವಾದ ಹಾಸ್ಯವೆಲ್ಲ ಈ ಮೊಳೆಕೀಲುಗಳನ್ನು ಕುರಿತದ್ದು. ಇದೇ ಈ ಲೇಖನದ ಪ್ರತಿಪಾದ್ಯ.

ಆತನ ಪ್ರಯೋಗಗಳಲ್ಲಿ ಅತಿ ಪ್ರಸಿದ್ಧವಾದುದು ‘ಫೊನೆಟಿಕ್ ಪಂಕ್ಚುಯೇಷನ್’, ಎಂದರೆ ವಿರಾಮಚಿಹ್ನೆಗಳಿಗೆ ಧ್ವನಿಯನ್ನು ಕೊಡುವುದು. ಬರೆಹದಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನಚಿಹ್ನೆ, ಆಶ್ಚರ್ಯಚಿಹ್ನೆಗಳಿದ್ದು ಅರ್ಥವನ್ನು ಸ್ಪಷ್ಟಪಡಿಸುತ್ತವೆ. ಮಾತಿನಲ್ಲಿ ಅವು ಕೇಳಿಸುವುದಿಲ್ಲವಾದುದರಿಂದ ಒಂದೊಂದು ಚಿಹ್ನೆಗೂ ಒಂದೊಂದು ಶಬ್ದವಿರಲಿ ಎಂಬುದು ಆತನ ಸೂಚನೆ. ಅನಂತರ ಒಂದೊಂದಕ್ಕೆ ಬಾಯಿಂದ ವಿಚಿತ್ರವಾದ ಸದ್ದನ್ನು ಹೊರಡಿಸುತ್ತ, ಗಾಳಿಯಲ್ಲಿ ಬೆರಳಿನಿಂದ ಆ ಚಿಹ್ನೆಯನ್ನು ಬರೆಯುತ್ತ, ಪ್ರಣಯಕಥೆಯೊಂದರ ಭಾಗವನ್ನು ಓದುತ್ತಾನೆ. ಮುಖದಲ್ಲಿ ನಗುವಿಲ್ಲ, ಉಪಾಧ್ಯಾಯನು ಪಾಠವನ್ನು ಓದುವ ಗಾಂಭೀರ್ಯ. ವಾಕ್ಯವು ಮುಗಿದಾಗಲೆಲ್ಲ ಒಂದು ಚಿಟಿಕಾರವು ಕೇಳುತ್ತದೆ. ಉದ್ಗಾರವು ಬಂದಾಗ ಗೆರೆಯು ಗಾಳಿಯನ್ನು ಸೀಳಿ ಇಳಿದು ಚುಕ್ಕೆಯಲ್ಲಿ ನಿಲ್ಲುತ್ತದೆ. ಆತನ ಪ್ರಯೋಗಗಳ ಮುದ್ರಿಕೆಗಳು ಈಗ ಎಲ್ಲರಿಗೂ ಲಭ್ಯವಿರುವುದರಿಂದ ವಾಚಕರು ಇದನ್ನು ಸ್ವತಃ ನೋಡಿ ಪರೀಕ್ಷಿಸಬಹುದು.

ಇದರಲ್ಲಿ ನಗೆಗೆ ಕಾರಣವೇನು? ವಿಚಿತ್ರವಾದ ಸದ್ದೇ ಕಾರಣವೆಂದರೆ ಮಕ್ಕಳೂ ಅಂತಹ ಸದ್ದನ್ನು ಮಾಡಬಲ್ಲರು. ಓದುತ್ತಿರುವುದು ಪ್ರಣಯಕಥೆಯೆಂಬುದನ್ನು ಗಮನಿಸಿದರೆ ರಹಸ್ಯವು ತಿಳಿಯುತ್ತದೆ. ಶಾಂತವಾದ ವರ್ಣನೆಯಲ್ಲಿ ಚಿಹ್ನೆಗಳು ಕಡಮೆ. ನಾಯಕನು ನಾಯಿಕೆಯ ಬಳಿಗೆ ಬಂದಂತೆಲ್ಲ ಪ್ರಶ್ನೆಗಳೂ ಉದ್ಗಾರಗಳೂ ಅರ್ಧಕ್ಕೆ ನಿಂತ ಮಾತುಗಳೂ ಹೆಚ್ಚುತ್ತವೆ. ಆದ್ದರಿಂದ ಭಾವವು ತೀವ್ರವಾದಷ್ಟೂ ಸದ್ದುಗಳು ಹೆಚ್ಚಾಗಿ, ಪ್ರೇಮವು ಶಿಖರವನ್ನು ಮುಟ್ಟುವ ಸಮಯಕ್ಕೆ ಸರಿಯಾಗಿ ಮಾತೆಲ್ಲ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಶೃಂಗಾರದಿಂದ ಹಾಸ್ಯವು ಹುಟ್ಟುತ್ತದೆಂದೂ, ಶೃಂಗಾರದ ಅನುಕರಣವೇ ಹಾಸ್ಯವೆಂದೂ ಭರತಮುನಿಯು ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಒಪ್ಪುವ ಲಕ್ಷ್ಯವನ್ನು ಹುಡುಕುವುದು ಕಷ್ಟ. ಇಲ್ಲಿ ಅನುಕರಣಕ್ಕೆ ಗುರಿಯಾದುದು ಪ್ರೇಮಿಗಳ ಚೇಷ್ಟೆಯೂ ಅಲ್ಲ. ಪ್ರೇಮವನ್ನು ಕಾಗದದ ಮೇಲೆ ಹಿಡಿದಿಡಲು ಮುದ್ರಣಾಲಯದವರು ಉಪಯೋಗಿಸುವ ಅಚ್ಚಿನ ಮೊಳೆಗಳು.

ನಮ್ಮವರಿಗೆ ಈ ಹಾಸ್ಯವು ವಿಶೇಷವಾಗಿ ರುಚಿಸತಕ್ಕದ್ದು. ನಮ್ಮ ಓಲೆಗರಿಯ ಗ್ರಂಥಗಳಲ್ಲಿ ಒಂಟಿದಂಡ ಜೋಡಿದಂಡಗಳ ಹೊರತು ಬೇರೆ ಚಿಹ್ನೆಗಳು ವಿರಳ. ಅಲ್ಪವಿರಾಮ ಅರ್ಧವಿರಾಮಗಳು ಮುದ್ರಣದೊಡನೆ ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದ ಅತಿಥಿಗಳು. ಪಾಠಶಾಲೆಯಲ್ಲಿ ಪದಚ್ಛೇದ ಅನ್ವಯಗಳಿಂದ ಅರ್ಥಮಾಡಿಕೊಳ್ಳುತ್ತಿದ್ದವರಿಗೆ ಈ ಚುಕ್ಕೆಗೆರೆಗಳನ್ನು ಕಂಡು ಎಷ್ಟೋ ಕಾಲ ಸೋಜಿಗವಾಗುತ್ತಿತ್ತು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಗಟ್ಟಿಯಾಗಿ ಓದೆಂದರೆ ‘ಪೂರ್ಣವಿರಾಮ’ ಎಂಬುದನ್ನೂ ಸೇರಿಸಿಯೇ ಓದುತ್ತಿದ್ದ ಮಕ್ಕಳನ್ನು ನೋಡಿದ್ದೇನೆ. ಅಂತಹ ಮಗುವಿಗೂ ಬೋರ್ಗೆಗೂ ದೃಷ್ಟಿಯು ಒಂದೇ. ಮಗುವು ಅರಿಯದೆ ಮಾಡುತ್ತದೆ. ಆತನು ಅರಿತು ಮಾಡುತ್ತಾನೆ.

ಎರಡನೆಯ ಪ್ರಯೋಗವು ‘ಇನ್‌ಫ್ಲೇಷನರಿ ಲ್ಯಾಂಗ್ವೇಜ್’, ಎಂದರೆ ಏರುಬೆಲೆಯ ಭಾಷೆ. ಎಲ್ಲ ವಸ್ತುಗಳ ಬೆಲೆಯೂ ಏರುತ್ತಿರುವಾಗ ಪದಗಳೊಳಗೆ ಅಡಗಿರುವ ಸಂಖ್ಯೆಗಳು ಮಾತ್ರ ಏಕೆ ಏರಬಾರದು ಎಂದು ಆತನ ಪ್ರಶ್ನೆ. ‘ವಂಡರ್‌ಫುಲ್’ ಎಂಬ ಪದದಲ್ಲಿ ಒಂದು ಎಂಬರ್ಥದ ‘ವನ್’ ಕೇಳಿಸುವುದರಿಂದ ಅದು ‘ಟೂಡರ್‌ಫುಲ್’ ಆಗತಕ್ಕದ್ದು. ‘ಕ್ರಿಯೇಟ್’ ಎಂಬುದರಲ್ಲಿ ಎಂಟು ಎಂಬರ್ಥದ ‘ಏಟ್’ ಇರುವುದರಿಂದ ಅದು ‘ಕ್ರಿನೈನ್’ ಆಗತಕ್ಕದ್ದು. ಹೀಗೆ ಒಂದು ಕಥೆಯನ್ನೇ ಓದುತ್ತಾನೆ. ಇದರ ಸ್ವಾರಸ್ಯವು ಇಂಗ್ಲಿಷ್ ಬಾರದವರಿಗೂ ತಿಳಿಯಬೇಕಾದರೆ ನಮ್ಮ ಭಾಷೆಯಲ್ಲಿ ಹೀಗೆ ಮಾಡಿ ನೋಡಬಹುದು: ‘ಆರೋಗ್ಯ’ವು ‘ಏಳೋಗ್ಯ’ವಾಗುತ್ತದೆ, ‘ಏಳಿಗೆ’ಯು ‘ಎಂಟಿಗೆ’ಯಾಗುತ್ತದೆ, ‘ಹತ್ತಿರ’ದಲ್ಲಿದ್ದವರು ‘ಹನ್ನೊಂದಿರ’ಕ್ಕೆ ಸರಿಯುತ್ತಾರೆ. ಪದವನ್ನು ಒಡೆದು ಬೇರೆ ಅರ್ಥವನ್ನು ಹೊರಡಿಸುವ ಸಭಂಗಶ್ಲೇಷವು ನಮ್ಮ ಕವಿಗಳಿಗೆ ಹೊಸದಲ್ಲ. ಆದರೆ ಅವರು ಅದನ್ನು ಪಾಂಡಿತ್ಯದ ಬಲದಿಂದ ಮಾಡಿದರು. ಬೋರ್ಗೆಗೆ ಅದು ಕಲಿಯುವವನ ಕಿವಿಯಿಂದ ಬಂದಿತು. ‘ಆರೋಗ್ಯ’ ಎಂಬಲ್ಲಿ ಕನ್ನಡಿಗನ ಕಿವಿಗೆ ಆರು ಎಂಬ ಸಂಖ್ಯೆಯು ಎಂದೂ ಕೇಳಿಸುವುದಿಲ್ಲ. ಒಂದು ಎರಡು ಎಂದು ಈಗತಾನೇ ಕಲಿತ ಪರದೇಶಿಗೆ ಮಾತ್ರ, ಪರಿಚಿತರಿಲ್ಲದ ಊರಿನಲ್ಲಿ ಪರಿಚಿತಮುಖವನ್ನು ಕಂಡಂತೆ, ಅದು ಥಟ್ಟನೆ ಕೇಳಿಸುತ್ತದೆ.

ಸಂಗೀತದಲ್ಲಿಯೂ ಆತನ ರೀತಿಯು ಇದೇ. ಯೂರೋಪಿನ ಶಾಸ್ತ್ರೀಯಸಂಗೀತದ ಕಚೇರಿಯು ಬಹು ಮಡಿಯಾದ ವಿಧಿ. ಕಪ್ಪು ಉಡುಪು, ನಿಶ್ಶಬ್ದವಾದ ಸಭೆ, ಎದುರಿಗೆ ಸ್ವರಲಿಪಿಯ ಹಾಳೆ, ಕೆಮ್ಮಿದರೂ ಅಪರಾಧ. ಬೋರ್ಗೆಯು ಆ ಉಡುಪಿನಲ್ಲಿಯೇ ಬರುತ್ತಾನೆ, ಆ ಗಾಂಭೀರ್ಯದಿಂದಲೇ ಕುಳಿತುಕೊಳ್ಳುತ್ತಾನೆ, ಏನೋ ಅಪಸ್ವರದಂತಿರುವುದನ್ನು ನುಡಿಸತೊಡಗುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಹಾಳೆಯು ತಲೆಕೆಳಗಾಗಿದೆಯೆಂದು ಕಂಡು ತಿರುಗಿಸಿಡುತ್ತಾನೆ. ಮ್ಯಾರಿಲಿನ್ ಮಲ್ವಿ ಎಂಬ ಗಾಯಕಿಯು ತಾರಸ್ವರವನ್ನು ಎತ್ತಿದೊಡನೆ ಪೀಠದಿಂದ ಉರುಳಿಬಿದ್ದು, ಎದ್ದು ಬಂದು, ಪೀಠಕ್ಕೆ ಕಟ್ಟಿರುವ ಪಟ್ಟಿಯೊಂದನ್ನು ತೆಗೆದು ವಿಮಾನದ ಪ್ರಯಾಣಿಕನಂತೆ ಸೊಂಟಕ್ಕೆ ಬಿಗಿದುಕೊಳ್ಳುತ್ತಾನೆ. ಶಾಹಾನ್ ಆರ್ಜ್ರೂನಿ ಎಂಬ ವಾದಕನೊಡನೆ ಒಂದೇ ಪಿಯಾನೊವಿನಲ್ಲಿ ಲಿಸ್ಟನ ಎರಡನೆಯ ‘ಹಂಗೇರಿಯನ್ ರ‍್ಯಾಪ್ಸೊಡಿ’ಯನ್ನು ನುಡಿಸುವಾಗ ಇಬ್ಬರ ಕೈಗಳೂ ಒಂದರ ಮೇಲೊಂದು ಹಾಯುತ್ತವೆ, ಒಬ್ಬನು ಎದ್ದು ಇನ್ನೊಬ್ಬನನ್ನು ಸುತ್ತಿಬರುತ್ತಾನೆ, ಸ್ಥಾನಗಳು ಬದಲಾಗುತ್ತವೆ, ಸಂಗೀತವು ಮಾತ್ರ ತುಂಡಾಗುವುದಿಲ್ಲ. ತನ್ನ ಗುರುವಿನ ಗುರುವಿನ ಕೃತಿಯನ್ನು ಹೀಗೆ ಕೋಲಾಟವಾಗಿ ಮಾಡಿದರೂ ಅದರ ಒಂದು ಸ್ವರಕ್ಕೂ ಅಪಚಾರವಾಗಲಿಲ್ಲವೆಂಬುದು ಗಮನಾರ್ಹ.

ಅನೌಚಿತ್ಯವೇ ಹಾಸ್ಯದ ವಿಭಾವವೆಂದು ಅಭಿನವಗುಪ್ತಾಚಾರ್ಯರು ನಿರ್ಣಯಿಸಿದ್ದಾರೆ. ಆದರೆ ಅನೌಚಿತ್ಯವು ಅನೌಚಿತ್ಯವಾಗಿ ತೋರಬೇಕಾದರೆ ಔಚಿತ್ಯವು ಮೊದಲು ಸ್ಥಾಪಿತವಾಗಿರಬೇಕು. ಕಳಪೆಯಾದ ಹಾಸ್ಯಗಾರರು ಬಂದೊಡನೆಯೇ ಕುಣಿದು ಕೂಗಿ ಸಭೆಯ ಮರ್ಯಾದೆಯನ್ನು ಕೆಡಿಸಿಬಿಡುತ್ತಾರೆ. ಅನಂತರ ಕೆಡಿಸಲು ಏನೂ ಉಳಿದಿರುವುದಿಲ್ಲ. ಬೋರ್ಗೆಯು ಔಚಿತ್ಯವನ್ನು ಬಹು ಜಾಗರೂಕತೆಯಿಂದ ಕಟ್ಟಿ, ಒಂದೇ ಒಂದು ಇಟ್ಟಿಗೆಯನ್ನು ಎಳೆಯುತ್ತಾನೆ. ಕುರುಡರನ್ನು, ಬಡವರನ್ನು, ಸ್ಥೂಲಕಾಯರನ್ನು ಆಡಿಕೊಂಡು ನಗಿಸುವ ಹೀನಮಾರ್ಗಕ್ಕೆ ಆತನ ಪ್ರಯೋಗಗಳಲ್ಲಿ ಕೆಲಸವಿಲ್ಲ. ಸಭೆಯು ಬಿದ್ದುಬಿದ್ದು ನಗುವುದುಂಟು. ಆದರೆ ನಗಿಸುವವನು ಸ್ಮಿತವನ್ನು ದಾಟುವುದು ಅಪೂರ್ವ.

ಈಗ ಪೂರ್ವಪಕ್ಷಗಳನ್ನು ವಿಚಾರಿಸೋಣ. ಮೊದಲನೆಯದು: ಇಂತಹ ಗುರುಪರಂಪರೆಯಲ್ಲಿ ಕಲಿತ ವಿದ್ಯೆಯನ್ನು ನಗೆಗಾಗಿ ವ್ಯಯಮಾಡಿದುದು ವಿದ್ಯೆಗೆ ದ್ರೋಹವಲ್ಲವೆ? ವಿದ್ಯಾವಂತರ ಮನೆಗಳಲ್ಲಿ ಈ ಮಾತು ಸಹಜವಾಗಿ ಬರತಕ್ಕದ್ದು. ಇದಕ್ಕೆ ಸಮಾಧಾನವೇನೆಂದರೆ, ಆ ವಿದ್ಯೆಯಿಲ್ಲದೆ ಆ ನಗೆಯು ಹುಟ್ಟುತ್ತಿರಲಿಲ್ಲ. ಹಾಳೆಯನ್ನು ತಲೆಕೆಳಗಾಗಿಟ್ಟು ನುಡಿಸುವವನಿಗೆ ನೆಟ್ಟಗಿಟ್ಟು ನುಡಿಸಲು ಚೆನ್ನಾಗಿ ಬರಬೇಕು. ಇದಲ್ಲದೆ, ಆ ಸಂಗೀತವು ತಮಗಲ್ಲವೆಂದು ಹೆದರಿ ದೂರವಿದ್ದ ಎಷ್ಟೋ ಮಂದಿಗೆ ಅದರ ಬಾಗಿಲು ತೆರೆದುದು ಈತನ ವಿನೋದದಿಂದ. ನ್ಯೂಯಾರ್ಕ್, ಶಿಕಾಗೋ, ಲಂಡನ್ ನಗರಗಳ ಹೆಸರಾಂತ ವಾದ್ಯವೃಂದಗಳು ಆತನೊಡನೆ ರಂಗವನ್ನೇರಿದವು. ವಿದ್ಯೆಯನ್ನು ಹೀನವಾಗಿ ಮಾಡಿದವನಿಗೆ ವಿದ್ವಾಂಸರು ಹೀಗೆ ಜೊತೆಗೊಡುತ್ತಿರಲಿಲ್ಲ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಕಠಿನವಾದುದು. ಡೆನ್ಮಾರ್ಕಿನಲ್ಲಿ ಆತನ ಹಾಸ್ಯವು ಅಸ್ತ್ರವಾಗಿತ್ತು. ಕ್ರೂರರಾದ ಬಲಿಷ್ಠರನ್ನು ಹೆಸರು ಹಿಡಿದು ಚುಚ್ಚುತ್ತಿತ್ತು. ಅಮೆರಿಕಾದಲ್ಲಿ ಯಾರ ಭಯವೂ ಇಲ್ಲದಿರುವಾಗ ಅದು ಅಲ್ಪವಿರಾಮದ ಮೇಲೆಯೂ ಪೀಠದ ಮೇಲೆಯೂ ಆಡುವ ಮಕ್ಕಳಾಟವಾಯಿತು. ಲಕ್ಷಾಂತರ ಯೆಹೂದ್ಯರ ಕೊಲೆಯಾಗುತ್ತಿದ್ದ ಕಾಲದಲ್ಲಿ ಯೆಹೂದ್ಯನಾದ ಹಾಸ್ಯಗಾರನು ಹೀಗೆ ವಿನೋದವಾಡುತ್ತ ಕುಳಿತುದು ನ್ಯಾಯವೆ? ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಒಂದು ಕಥೆಯುಂಟು. ಭರತನ ಪುತ್ರರು ಋಷಿಗಳನ್ನು ಪರಿಹಾಸ ಮಾಡುವ ಪ್ರಯೋಗವೊಂದನ್ನು ಆಡಿದರು. ಋಷಿಗಳು ಕೋಪಗೊಂಡು ಅವರನ್ನು ಸ್ಥಾನಭ್ರಷ್ಟರಾಗುವಂತೆ ಶಪಿಸಿದರು. ಬಲಿಷ್ಠರನ್ನು ನಕ್ಕ ನಟನು ನೆಲೆಯನ್ನು ಕಳೆದುಕೊಳ್ಳುವುದು ಅಷ್ಟು ಹಳೆಯದು. ಶಾಪಕ್ಕೆ ಹೆದರಿ ಬೋರ್ಗೆಯು ತನ್ನ ಅಸ್ತ್ರವನ್ನು ಕೆಳಗಿಟ್ಟನೆಂದು ಆಕ್ಷೇಪಿಸುವವರಿಗೆ ಏನೆಂದು ಹೇಳಬೇಕು?

ನಷ್ಟವೇ ಆಗಲಿಲ್ಲವೆಂದು ನಾನು ವಾದಿಸುವುದಿಲ್ಲ. ‘ಕ್ರಾಫ್ಟ್ ಮ್ಯೂಸಿಕ್ ಹಾಲ್’ ಎಂಬುದು ಗಿಣ್ಣಿನ ವ್ಯಾಪಾರಿಗಳ ಹಣದಿಂದ ನಡೆದ ಕಾರ್ಯಕ್ರಮ. ಗಿರಾಕಿಯ ಮನಸ್ಸನ್ನು ಕದಡದ ಹಾಸ್ಯಕ್ಕೆ ಅಲ್ಲಿ ಮನ್ನಣೆಯು ಹೆಚ್ಚು. ಆದರೆ ಎರಡು ಸಂಗತಿಗಳನ್ನು ತೂಗಿನೋಡಬೇಕು. ಕ್ರೂರನು ಕೇಳುವಷ್ಟು ಸಮೀಪದಲ್ಲಿ ನಿಂತು ಅವನನ್ನು ನಗುವುದು ಧೈರ್ಯ. ಸಮುದ್ರದ ಈಚೆಗೆ ನಿಂತು, ಅವನ ಶತ್ರುಗಳ ಸಭೆಯಲ್ಲಿ, ಅವರ ಚಪ್ಪಾಳೆಗಾಗಿ ನಗುವುದು ಸುಲಭವಾದ ವ್ಯಾಪಾರ. ಮೊದಲನೆಯದನ್ನು ಮಾಡಿದವನು ಎರಡನೆಯದನ್ನು ಮಾಡದೆ ಬಿಟ್ಟುದರಲ್ಲಿ ಒಂದು ಬಗೆಯ ಮರ್ಯಾದೆಯಿದೆ. ಮತ್ತು, ಹಾಸ್ಯವು ಅಸ್ತ್ರವಾದಾಗ ನಗುವವರದೊಂದು ಪಕ್ಷ, ನಗೆಗೀಡಾದವರದೊಂದು ಪಕ್ಷ. ಮನುಷ್ಯರನ್ನು ಪಕ್ಷಗಳಾಗಿ ವಿಂಗಡಿಸುವ ಕಾರ್ಯವು ಯಾವ ಪರಿಣಾಮಕ್ಕೆ ಒಯ್ಯುವುದೆಂಬುದನ್ನು ಆತನು ಕಂಡಿದ್ದನು. ಅಲ್ಪವಿರಾಮವನ್ನು ಕಂಡು ನಗುವಾಗ ಸಭೆಯಲ್ಲಿ ಎರಡು ಪಕ್ಷಗಳಿಲ್ಲ. ಊರಿನವನೂ ವಲಸೆ ಬಂದವನೂ ಒಂದೇ ಸಾಲಿನಲ್ಲಿ ಕುಳಿತು ನಗುತ್ತಾರೆ. ಇಬ್ಬರು ಮನುಷ್ಯರ ನಡುವೆ ಅತಿ ಸಮೀಪದ ದಾರಿಯು ನಗುವೆಂಬ ಅರ್ಥದ ಮಾತೊಂದು ಆತನ ಹೆಸರಿನಲ್ಲಿ ಪ್ರಚಾರದಲ್ಲಿರುವುದು ನಿರಾಧಾರವಲ್ಲ.

ಇಷ್ಟಲ್ಲದೆ, ರಂಗದ ಮೇಲೆ ಆಡದಿದ್ದುದನ್ನು ಆತನು ಬಾಳಿನಲ್ಲಿ ಮರೆಯಲಿಲ್ಲ. 1943ನೆಯ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಯೆಹೂದ್ಯರನ್ನು ಸೆರೆಹಿಡಿಯಲು ಜರ್ಮನರು ಯತ್ನಿಸಿದಾಗ ಅಲ್ಲಿಯ ಸಾಮಾನ್ಯಜನರು, ಬೆಸ್ತರು ಮೊದಲಾದವರು, 7,000ಕ್ಕೂ ಮಿಕ್ಕ ಮಂದಿಯನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿ ಉಳಿಸಿದರು. ಆ ಉಪಕಾರದ ಸ್ಮರಣೆಗಾಗಿ ಬೋರ್ಗೆಯು 1963ರಲ್ಲಿ ರಿಚರ್ಡ್ ನೆಟ್ಟರ್ ಎಂಬ ಮಿತ್ರನೊಡನೆ ಸೇರಿ ‘ಥ್ಯಾಂಕ್ಸ್ ಟು ಸ್ಕ್ಯಾಂಡಿನೇವಿಯ’ ಎಂಬ ವಿದ್ಯಾರ್ಥಿವೇತನ ನಿಧಿಯನ್ನು ಸ್ಥಾಪಿಸಿದನು. ಶತ್ರುಗಳನ್ನು ನೆನೆದು ಶಪಿಸುವ ಸ್ಮಾರಕಗಳು ಲೋಕದಲ್ಲಿ ಬಹಳ. ಉಪಕಾರಿಗಳ ಮಕ್ಕಳಿಗೆ ಓದಿಸುವ ಸ್ಮಾರಕವು ಕಡಮೆ. ಹಾಸ್ಯವು ಹೇಳದೆ ಬಿಟ್ಟ ಮಾತನ್ನು ಈ ನಿಧಿಯು ಹೇಳಿತೆಂದು ನನ್ನ ಅಭಿಪ್ರಾಯ.

ದೋಷಗಳನ್ನು ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾದೀತು. ಬೋರ್ಗೆಯ ಮುಖ್ಯವಾದ ಪ್ರಯೋಗಗಳೆಲ್ಲ ಅಮೆರಿಕಾದ ಮ��ದಲ ದಶಕಗಳಲ್ಲಿಯೇ ರೂಪುಗೊಂಡವು; ಅನಂತರ ಬಹುಕಾಲ ಅವನ್ನೇ ಮತ್ತೆ ಮತ್ತೆ ಆಡಿದನು. ಒಂದೇ ಕಥೆಯನ್ನು ನೂರು ಸಲ ಕೇಳುವುದು ನಮ್ಮವರಿಗೆ ಹೊಸದಲ್ಲ, ಸರಿ. ಆದರೆ ಪುರಾಣದ ಕಥೆಯು ಹೇಳುವವನ ವಯಸ್ಸಿನೊಡನೆ ಬೆಳೆಯುತ್ತದೆ. ಬೋರ್ಗೆಯ ವಿರಾಮಚಿಹ್ನೆಗಳು ನಲವತ್ತರಲ್ಲಿ ಹೇಗೋ ಎಂಬತ್ತರಲ್ಲಿಯೂ ಹಾಗೆಯೇ. ಮಾತೃಭಾಷೆಯನ್ನು ಬಿಟ್ಟುಬಂದವನ ಒಳನೋವು ಆತನ ಹಾಸ್ಯದ ಅಡಿಯಲ್ಲಿ ಇದೆಯೆಂದು ನಾವು ಊಹಿಸಬೇಕಲ್ಲದೆ ಅದು ಮೇಲಕ್ಕೆ ಬರುವುದಿಲ್ಲ. ಕರುಣವು ಹಾಸ್ಯವನ್ನು ಸ್ಪರ್ಶಿಸಿದಾಗ ಹುಟ್ಟುವ ಉನ್ನತವಾದ ರಸಸ್ಥಿತಿ, ಚಾಪ್ಲಿನ್ನನು ತನ್ನ ಚಿತ್ರಗಳಲ್ಲಿ ಸಾಧಿಸಿದಂತಹದು, ಈತನಲ್ಲಿ ದೊರೆಯುವುದಿಲ್ಲ. ಚಾಪ್ಲಿನ್ನನೂ ಪರದೇಶದಲ್ಲಿ ದುಡಿದ ಹಾಸ್ಯಗಾರನೇ. ಮೂಕಚಿತ್ರದಲ್ಲಿ ಅವನಿಗೆ ಭಾಷೆಯ ತೊಡಕಿರಲಿಲ್ಲ. ಬೋರ್ಗೆಯು ಆ ತೊಡಕನ್ನೇ ಕಲೆಯಾಗಿಸಿದನೆಂಬುದು ಆತನ ಹೆಚ್ಚಳ. ಅಲ್ಲಿಗೇ ನಿಂತನೆಂಬುದು ಆತನ ಮಿತಿ.

ಗೌರವಗಳಿಗೆ ಕೊರತೆಯಾಗಲಿಲ್ಲ. ಉತ್ತರ ಯೂರೋಪಿನ ಐದು ದೇಶಗಳು ಆತನಿಗೆ ಬಿರುದುಗಳನ್ನಿತ್ತವು. 1992ರಲ್ಲಿ ಕೋಪನ್‌ಹೇಗನ್ನಿನ ರಾಜವಾದ್ಯವೃಂದವನ್ನು ನಡೆಸಲು ಆತನಿಗೆ ಆಹ್ವಾನವು ಬಂದಿತು. ಒಂದು ಕಾಲದಲ್ಲಿ ಆತನ ತಂದೆಯು ಪಿಟೀಲನ್ನು ಹಿಡಿದು ಕುಳಿತಿದ್ದ ವೃಂದವೇ ಅದು. 1999ರಲ್ಲಿ ಅಮೆರಿಕಾದ ಕೆನೆಡಿ ಕೇಂದ್ರದ ಗೌರವವು ದೊರೆಯಿತು. 2000ನೆಯ ಡಿಸೆಂಬರ್ 23ರಂದು ಕನೆಕ್ಟಿಕಟ್ ಸಂಸ್ಥಾನದ ಗ್ರೆನಿಚ್ ಎಂಬಲ್ಲಿ ತನ್ನ ಮನೆಯಲ್ಲಿ 91ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ಚಿತಾಭಸ್ಮದ ಒಂದು ಭಾಗವನ್ನು ಗ್ರೆನಿಚ್ಚಿನಲ್ಲಿಯೂ ಇನ್ನೊಂದು ಭಾಗವನ್ನು ಕೋಪನ್‌ಹೇಗನ್ನಿನ ಯೆಹೂದ್ಯರ ರುದ್ರಭೂಮಿಯಲ್ಲಿಯೂ ಇರಿಸಿದ್ದಾರೆ.

ಈ ಪರದೇಶದ ವಿನೋದಗಾರನಿಂದ ನಮಗೇನು ಎಂದು ಕೇಳುವವರಿರಬಹುದು. ಇಂದು ನಮ್ಮ ವಿದ್ಯಾವಂತರ ಮನೆಗಳಲ್ಲಿ ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿರುವುದು ಸಾಮಾನ್ಯವಾಗಿದೆ. ಅಲ್ಲಿಯ ಉಚ್ಚಾರಣೆಯು ತಮ್ಮ ನಾಲಗೆಗೆ ಹೊರಳಲಿಲ್ಲವೆಂದು ಅವರಲ್ಲಿ ಎಷ್ಟೋ ಮಂದಿ ಸಭೆಯಲ್ಲಿ ಬಾಯಿಬಿಡಲು ಸಂಕೋಚಪಡುತ್ತಾರೆ. ಹೊರಳಿದವರು ಇಲ್ಲಿಗೆ ಬಂದಾಗ ಕನ್ನಡವನ್ನಾಡಲು ಸಂಕೋಚಪಡುತ್ತಾರೆ. ಕೊನೆಗೆ ಅವರ ನಗುವೇ ಎರಡು ಕಡೆಯಲ್ಲಿಯೂ ಕಡಮೆಯಾಗುತ್ತದೆ. ಅಂತಹವರಿಗೆ ಬೋರ್ಗೆಯ ಬಾಳಿನಿಂದ ಒಂದು ಧೈರ್ಯವು ದೊರೆಯಬಹುದು. ಪರಭಾಷೆಗೆ ಹೊರಗಿನಿಂದ ಬಂದವನು ಆ ಭಾಷೆಯಲ್ಲಿ ಎಂದೆಂದಿಗೂ ಭಿಕ್ಷುಕನಾಗಿರಬೇಕಾಗಿಲ್ಲ. ಅದರ ಮಕ್ಕಳಿಗೆ ಕಾಣದುದನ್ನು ತೋರಿಸಿ, ಅತಿಥಿಯಾಗಿದ್ದವನು ಆತಿಥೇಯನಾಗಬಲ್ಲನು. ಹಾಸ್ಯವು ಕೀಳುರಸವೆಂದು ಭಾವಿಸುವವರೂ ಇದನ್ನು ಯೋಚಿಸಬೇಕು. ದೇಶ, ಭಾಷೆ, ಹೆಸರು ಎಲ್ಲವನ್ನೂ ಕಳೆದುಕೊಂಡ ಮನುಷ್ಯನಿಗೆ ಮತ್ತೆ ನಾಲ್ಕು ಜನರ ನಡುವೆ ಸ್ಥಾನವನ್ನು ಗಳಿಸಿಕೊಟ್ಟುದು ಈ ರಸವೇ.